ಮಗನ ಸ್ನೇಹಿತ ಹೇಳಿದ ಮಾತು ಕೇಳಿ ಭಯವಾಗಿದೆ. ಅವನ ಅಮ್ಮನಿಗೆ ಹೇಳಲೇ?

ಬೆಣ್ಣೆದೋಸೆ_ಊರಿನವಳು (ಅಟ್ಲಾಂಟಾ ಹತ್ತಿರ) | ಭಾನುವಾರ ಸಂಜೆ 7:10

ಎಲ್ಲರಿಗೂ ನಮಸ್ಕಾರ. ಇಲ್ಲಿ ವೀಸಾ, ಶಾಲೆ, ಮನೆ ಸಾಲದ ಬಗ್ಗೆ ಕೇಳಿದ್ದೇನೆ. ಇವತ್ತಿನದು ಬೇರೆ ವಿಷಯ.

ನನ್ನ ಮಗನಿಗೆ 13 ವರ್ಷ. ಅವನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಒಬ್ಬ ಕಪ್ಪು ಹುಡುಗ ಇದ್ದಾನೆ, 14 ವರ್ಷ. ಎರಡು ವರ್ಷದಿಂದ ನಮ್ಮ ಮನೆಗೆ ಬಂದು ಹೋಗಿ ಮಾಡುತ್ತಾನೆ. ಚಿತ್ರಾನ್ನ ಅಂದರೆ ಎರಡು ಸಲ ಹಾಕಿಸಿಕೊಳ್ಳುತ್ತಾನೆ. ಈಚೆಗೆ ಬರುವುದು ಕಡಿಮೆಯಾಗಿತ್ತು. ಶಾಲೆಯಲ್ಲಿ ಯಾರ ಜೊತೆಗೋ ಹೊಡೆದಾಡಿ ಮೂರು ದಿನ ಸಸ್ಪೆಂಡ್ ಆಗಿದ್ದ.

ಇವತ್ತು ಊಟಕ್ಕೆ ಕೂತಾಗ ಮಗ ತಟ್ಟೆ ನೋಡುತ್ತಲೇ ಹೇಳಿದ. "ಅವನು 'ನಾನು ಇಲ್ಲದಿದ್ದರೆ ಅಮ್ಮನಿಗೆ ಸಲೀಸು' ಅಂದ ಅಮ್ಮಾ." ತಮಾಷೆಗೆ ಅಂದಿರಬಹುದು ಅಂದೆ. "ಇಲ್ಲ, ತನ್ನ ಹೊಸ ಶೂ ನನಗೆ ಕೊಟ್ಟುಬಿಟ್ಟ. ಯಾರಿಗೂ ಹೇಳಬೇಡ ಅಂತ ಮಾತು ತಗೊಂಡಿದ್ದಾನೆ" ಅಂದ.

ಅವನ ಅಮ್ಮ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಾರೆ. ಮನೆಯಲ್ಲಿ ಅಜ್ಜಿ ಇದ್ದಾರೆ. ನಮ್ಮ ಯಜಮಾನರು "ಬೇರೆಯವರ ಮನೆ ವಿಷಯ, ಅದರಲ್ಲೂ ನಾವು ಇಂಡಿಯನ್ಸ್, ತಪ್ಪು ತಿಳಿದುಕೊಂಡರೆ?" ಅನ್ನುತ್ತಿದ್ದಾರೆ. ಏನು ಮಾಡಲಿ?

ಕಾವೇರಿ_ತೀರ (ನ್ಯೂಜೆರ್ಸಿ) | 7:18

ಯಜಮಾನರು ಹೇಳಿದ್ದು ಸರಿ ಇದೆ ಅನ್ನಿಸುತ್ತೆ. ಊರ ಉಸಾಬರಿ ನಮಗ್ಯಾಕೆ. ಶಾಲೆಯ ಕೌನ್ಸೆಲರ್‌ಗೆ ನಾಳೆ ಒಂದು ಈಮೇಲ್ ಹಾಕಿ ಸುಮ್ಮನಿರಿ.

ಮಕ್ಕಳ_ಡಾಕ್ಟರ್ (ಡೆಟ್ರಾಯ್ಟ್) | 7:21

ನಾಳೆವರೆಗೆ ಕಾಯಬೇಡಿ ಅಕ್ಕಾ. ಈಮೇಲ್ ಅಲ್ಲ, ಫೋನ್ ಕೂಡ ಅಲ್ಲ. ಅವರ ಅಮ್ಮ ಕೆಲಸಕ್ಕೆ ಹೊರಡುವ ಮುಂಚೆ ಈಗಲೇ ಹೋಗಿ. ಮಗ ಹೇಳಿದ್ದನ್ನು ಹಾಗೆಯೇ ಹೇಳಿ, ಬಣ್ಣ ಕಟ್ಟಬೇಡಿ, ಕಡಿಮೆಯೂ ಮಾಡಬೇಡಿ. ಇಷ್ಟದ ವಸ್ತು ಕೊಟ್ಟುಬಿಡುವುದು ಆತ್ಮಹತ್ಯೆಯ ಯೋಚನೆಗೆ ನಾವು ಹುಡುಕುವ ಗುರುತುಗಳಲ್ಲಿ ಒಂದು. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಎರಡು ವಿಷಯ ಬಾಯಿಬಿಟ್ಟು ಕೇಳಿ. ಮನೆಯಲ್ಲಿ ಬಂದೂಕು ಇದೆಯಾ, ಯಾರಿಗೆ ಸಿಗುವ ಹಾಗಿದೆ? ಇವತ್ತು ರಾತ್ರಿ ಹುಡುಗನ ಜೊತೆ ಯಾರು ಇರುತ್ತಾರೆ?

ದಾರಿಯಲ್ಲಿ ನಂಬರ್ ಬರೆದುಕೊಳ್ಳಿ: 988. ಇಂಥ ಯೋಚನೆ ಬಂದವರಿಗೂ ಅವರ ಮನೆಯವರಿಗೂ ಇಲ್ಲಿನ ಸಹಾಯವಾಣಿ. ಇಪ್ಪತ್ನಾಲ್ಕು ಗಂಟೆಯೂ ಇರುತ್ತೆ. ಕರೆ ಮಾಡಬಹುದು, ಮೆಸೇಜೂ ಮಾಡಬಹುದು.

ಟೀಚರಮ್ಮ (ಡಲ್ಲಾಸ್) | 7:24

ಡಾಕ್ಟ್ರು ಹೇಳಿದ್ದಕ್ಕೆ ನನ್ನದೂ ಒಂದು ಕೈ. ಮಗನಿಗೆ ಒಂದು ಮಾತು ಹೇಳಿ ಹೋಗಿ: ನೀನು ಗುಟ್ಟು ಒಡೆದವನಲ್ಲ, ಸ್ನೇಹಿತನನ್ನು ಒಂಟಿ ಬಿಡಲಿಲ್ಲ ಅಷ್ಟೇ. ಆ ಮಗು ಇವತ್ತು ರಾತ್ರಿ ಅದನ್ನೇ ಯೋಚಿಸುತ್ತಾ ಮಲಗುತ್ತೆ.

ಬೆಣ್ಣೆದೋಸೆ_ಊರಿನವಳು | 7:26

ಹೊರಟೆ.

ಹುಬ್ಳಿ_ಮಂದಿ (ಹುಬ್ಬಳ್ಳಿ) | 7:50

ಇಲ್ಲಿ ಬೆಳಿಗ್ಗೆ ಎದ್ದು ಓದಿದೆ. ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಕರಿಯರಲ್ಲಿ ಇದೆಲ್ಲ ಕಡಿಮೆ ಅಂತ ಕೇಳಿದ್ದೆ. ಬಿಳಿಯರಲ್ಲೇ ಜಾಸ್ತಿ ಅಲ್ವಾ?

ಮಕ್ಕಳ_ಡಾಕ್ಟರ್ | 8:05

ಮೊದಲು, ಆ ಪದ ಬೇಡ ಸರ್. ಇಲ್ಲಿ ಆ ಪದಕ್ಕೆ ಗಾಯದ ವಾಸನೆ ಇದೆ. ಕಪ್ಪು ಜನ ಅನ್ನಿ, ಬ್ಲ್ಯಾಕ್ ಅನ್ನಿ.

ನೀವು ಕೇಳಿದ್ದು ಅರ್ಧ ನಿಜ. ಆ ಅರ್ಧ ನಿಜವೇ ತುಂಬಾ ಕೆಡುಕು ಮಾಡಿದೆ. ಎಲ್ಲಾ ವಯಸ್ಸು ಸೇರಿಸಿದರೆ ಬಿಳಿಯರಲ್ಲಿ ಆತ್ಮಹತ್ಯೆಯ ಪ್ರಮಾಣ ಜಾಸ್ತಿ, ಅಮೆರಿಕದ ಮೂಲನಿವಾಸಿಗಳಲ್ಲಿ ಇನ್ನೂ ಜಾಸ್ತಿ. ಆದರೆ ವಯಸ್ಸು ಬಿಡಿಸಿ ನೋಡಿದರೆ ಚಿತ್ರ ಬದಲಾಗುತ್ತೆ. 2001ರಿಂದ 2015ರವರೆಗಿನ ಲೆಕ್ಕವನ್ನು ಜೆಫ್ರಿ ಬ್ರಿಡ್ಜ್ ಮತ್ತು ಜೊತೆಗಾರರು 2018ರಲ್ಲಿ ಪ್ರಕಟಿಸಿದರು. 13ರಿಂದ 17ರ ವಯಸ್ಸಿನಲ್ಲಿ ಕಪ್ಪು ಮಕ್ಕಳ ಪ್ರಮಾಣ ಬಿಳಿ ಮಕ್ಕಳ ಅರ್ಧದಷ್ಟಿತ್ತು. 5ರಿಂದ 12ರ ವಯಸ್ಸಿನಲ್ಲಿ ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು. ಅಷ್ಟು ಚಿಕ್ಕವರಲ್ಲಿ ಒಟ್ಟು ಸಂಖ್ಯೆ ಸಣ್ಣದು, ನಿಜ. ಆದರೂ ಯಾರೂ ಅಂದುಕೊಳ್ಳದ ಕಡೆ ಬಂದ ಲೆಕ್ಕ ಅದು.

ದೊಡ್ಡ ಮಕ್ಕಳಲ್ಲೂ ಆಮೇಲೆ ಏರಿತು. 10ರಿಂದ 24 ವರ್ಷದ ಕಪ್ಪು ಯುವಕ ಯುವತಿಯರಲ್ಲಿ 2018ರಲ್ಲಿ ಲಕ್ಷಕ್ಕೆ 8.2 ಇದ್ದದ್ದು 2021ಕ್ಕೆ 11.2 ಆಯಿತು. ಮೂರೇ ವರ್ಷದಲ್ಲಿ.

"ಅವರಲ್ಲಿ ಇದೆಲ್ಲ ಇಲ್ಲ" ಅಂತ ಡಾಕ್ಟರ್ ನಂಬಿದರೆ ಡಾಕ್ಟರ್ ಕೇಳುವುದಿಲ್ಲ. ಅಮ್ಮ ನಂಬಿದರೆ ಅಮ್ಮ ಕೇಳುವುದಿಲ್ಲ. ಹುಡುಗ ನಂಬಿದರೆ ತನಗೆ ಮಾತ್ರ ಹೀಗಾಗುತ್ತಿದೆ ಅಂದುಕೊಳ್ಳುತ್ತಾನೆ.

ಹುಬ್ಳಿ_ಮಂದಿ | 8:09

ಕ್ಷಮಿಸಿ. ಇನ್ನು ಆ ಪದ ಬಳಸುವುದಿಲ್ಲ. ತಿಳಿಸಿದ್ದಕ್ಕೆ ಧನ್ಯವಾದ.

ಬೆಣ್ಣೆದೋಸೆ_ಊರಿನವಳು | ರಾತ್ರಿ 11:35

ಈಗ ಮನೆಗೆ ಬಂದೆ. ಕೈ ಇನ್ನೂ ನಡುಗುತ್ತಿದೆ.

ಬಾಗಿಲಲ್ಲೇ ಹೇಳಿದೆ. ಅವರು ಮೊದಲು ಬಿಗಿಯಾದರು. "ಬಾಯಿಗೆ ಬಂದದ್ದು ಆಡುತ್ತಾನೆ" ಅಂದರು. ಶೂ ವಿಷಯ ಹೇಳಿದ ಮೇಲೆ ಹಾಗೆಯೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆ ಶೂಗೆ ಅವರು ಎರಡು ತಿಂಗಳು ದುಡ್ಡು ಕೂಡಿಸಿದ್ದರಂತೆ.

988ಕ್ಕೆ ಮಾಡೋಣ ಅಂದೆ. ಅವರು ಕೇಳಿದ ಮೊದಲ ಪ್ರಶ್ನೆ: "ಪೊಲೀಸ್ ಬರುತ್ತಾರಾ?" ಎರಡನೆಯದು: "ನನ್ನ ಮಗುವನ್ನು ಕರೆದುಕೊಂಡು ಹೋಗಿಬಿಡುತ್ತಾರಾ?" ನನಗೆ ಉತ್ತರ ಗೊತ್ತಿರಲಿಲ್ಲ. ಅದನ್ನೇ ಮೊದಲು ಕೇಳೋಣ ಅಂತ ಸ್ಪೀಕರ್‌ನಲ್ಲಿ ಹಾಕಿದೆವು. ಆ ಕಡೆಯ ಹುಡುಗಿ ತುಂಬಾ ತಾಳ್ಮೆಯಿಂದ ಮಾತಾಡಿದಳು. ಹುಡುಗನ ಜೊತೆಗೂ ಮಾತಾಡಿದಳು. ಅವನು ಯೋಚನೆ ಬರುತ್ತಿದೆ ಅಂತ ಒಪ್ಪಿಕೊಂಡ. ಈ ರಾತ್ರಿ ಏನೂ ಮಾಡಿಕೊಳ್ಳುವುದಿಲ್ಲ ಅಂದ. ಒಟ್ಟು ಎಲ್ಲರೂ ಕೂತು ಒಂದು ಹಾಳೆಯಲ್ಲಿ ಯೋಜನೆ ಬರೆದರು.

ಬಂದೂಕು ಇತ್ತು. ಹುಡುಗನ ಮಾವನದು, ಅಲಮಾರಿಯಲ್ಲಿ. ಮಾವ ಬಂದು ತೆಗೆದುಕೊಂಡು ತನ್ನ ಮನೆಗೆ ಹೋದ. ಅಮ್ಮ ಕೆಲಸಕ್ಕೆ ರಜೆ ಹೇಳಿದ್ದಾರೆ. ಅವನ ಕೋಣೆಯಲ್ಲೇ ಮಲಗುತ್ತಾರೆ.

ಟೀಚರಮ್ಮ | 11:38

ಅಕ್ಕಾ, ನೀರು ಕುಡಿದು ಮಲಗಿ. ನೀವು ಮಾಡಿದ್ದು ದೊಡ್ಡ ಕೆಲಸ.

ಕಾವೇರಿ_ತೀರ | 11:44

ಮೇಲೆ ನಾನು ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಬೆಳಿಗ್ಗೆವರೆಗೆ ಕಾಯಿರಿ ಅಂದಿದ್ದೆ. ನೆನೆಸಿಕೊಂಡರೆ ಹೊಟ್ಟೆ ಕಿವುಚುತ್ತೆ.

ಸ್ಟೆತಾಸ್ಕೋಪ್_ಸೊಸೆ (ಫಿಲಡೆಲ್ಫಿಯಾ, ನರ್ಸ್) | ಸೋಮವಾರ ಬೆಳಿಗ್ಗೆ 6:15

ರಾತ್ರಿ ಪಾಳಿ ಮುಗಿಸಿ ಓದಿದೆ. ಆ ತಾಯಿ ಕೇಳಿದ ಎರಡು ಪ್ರಶ್ನೆಗಳಿಗೆ ದಯವಿಟ್ಟು ಯಾರೂ ಬೇಜಾರಾಗಬೇಡಿ. ನಮ್ಮ ಊರಲ್ಲೇ 2020ರ ಅಕ್ಟೋಬರ್‌ನಲ್ಲಿ ವಾಲ್ಟರ್ ವಾಲೆಸ್ ಎಂಬ 27 ವರ್ಷದವನ ಮನಸ್ಸು ಹದ ತಪ್ಪಿದಾಗ ಮನೆಯವರು ಸಹಾಯಕ್ಕೆ ಫೋನ್ ಮಾಡಿದ್ದರು. ಬಂದ ಪೊಲೀಸರು ಅಮ್ಮನ ಕಣ್ಣೆದುರೇ ಗುಂಡು ಹಾರಿಸಿದರು. ಅದೇ ವರ್ಷ ರಾಚೆಸ್ಟರ್‌ನಲ್ಲಿ ಡೇನಿಯಲ್ ಪ್ರೂಡ್ ಎಂಬ ಕಪ್ಪು ಮನುಷ್ಯ ಪೊಲೀಸರು ಹಿಡಿದು ಅದುಮಿದ ಮೇಲೆ ತೀರಿಕೊಂಡ. ಅಲ್ಲೂ ಅಣ್ಣನೇ ಸಹಾಯಕ್ಕೆ ಕರೆದಿದ್ದ. ಕಪ್ಪು ತಾಯಂದಿರಿಗೆ ಇವು ಪಕ್ಕದ ಮನೆಯ ಕಥೆಗಳು.

ಇಂಥ ಹೊತ್ತಿಗೆ ಪೊಲೀಸರನ್ನು ಕರೆಯುವ ಬದಲು ಇರುವ ದಾರಿ 988. ಆ ನಂಬರ್ ಶುರುವಾದದ್ದು 2022ರ ಜುಲೈ 16ರಂದು. ಬರುವ ಕರೆಗಳಲ್ಲಿ ನೂರಕ್ಕೆ ಎರಡಕ್ಕಿಂತ ಕಡಿಮೆ ಕರೆಗಳಿಗೆ ಮಾತ್ರ ತುರ್ತು ವಾಹನ ಅಥವಾ ಪೊಲೀಸ್ ಕಳಿಸುವ ಪ್ರಸಂಗ ಬರುತ್ತೆ. ಆದರೆ ಸೊನ್ನೆ ಅಲ್ಲ. "ಬರುವುದೇ ಇಲ್ಲ" ಅಂತ ನಾವು ಭರವಸೆ ಕೊಡಬಾರದು. ನೀವು ಮಾಡಿದ ಹಾಗೆ ಅವರನ್ನೇ ಮೊದಲು ಕೇಳುವುದು ಸರಿ.

ಗಣಿತ_ಮೇಷ್ಟ್ರು (ಮೈಸೂರು) | 7:02

ನನಗೆ ಒಂದು ಅರ್ಥವಾಗಲಿಲ್ಲ. ಆ ಹುಡುಗ ಇಷ್ಟು ದಿನ ಯಾವ ಡಾಕ್ಟರ್ ಹತ್ತಿರವೂ ಹೋಗಿರಲಿಲ್ಲವೇ? ಅಮೆರಿಕದಂಥ ದೇಶದಲ್ಲಿ?

ಬೆಣ್ಣೆದೋಸೆ_ಊರಿನವಳು | 7:40

ಹೋಗಿದ್ದ ಸರ್! ಅದೇ ನನ್ನ ಹೊಟ್ಟೆ ಉರಿಸುತ್ತಿರುವುದು. ರಾತ್ರಿ ಅಮ್ಮ ಲೆಕ್ಕ ಹೇಳಿದರು. ಚಳಿಗಾಲದಲ್ಲಿ ತಲೆನೋವು ಅಂತ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿದ್ದರು. ನೀರು ಜಾಸ್ತಿ ಕುಡಿ ಅಂದು ಕಳಿಸಿದರು. ಹೊಟ್ಟೆನೋವು ಅಂತ ಶಾಲೆಯ ನರ್ಸ್ ಹತ್ತಿರ ಎಷ್ಟು ಸಲ ಹೋಗಿದ್ದನೋ. ಆಸ್ತಮಾ ಮದ್ದಿಗೆ ಡಾಕ್ಟರ್ ಹತ್ತಿರ ಹೋಗಿದ್ದ. ಹೊಡೆದಾಟ ಆದ ಮೇಲೆ ಶಾಲೆಯಲ್ಲಿ ಮೀಟಿಂಗ್ ಆಯಿತು. ನಾಲ್ಕು ಬಾಗಿಲು ತಟ್ಟಿದ್ದಾನೆ. ಒಬ್ಬರೂ ಆ ಒಂದು ಪ್ರಶ್ನೆ ಕೇಳಲಿಲ್ಲ.

ಮಕ್ಕಳ_ಡಾಕ್ಟರ್ | 8:30

ಇಡೀ ಸಮಸ್ಯೆ ಇಲ್ಲೇ ಇದೆ. ಇವತ್ತು ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಡೆಟ್ರಾಯ್ಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯವರು 2001ರಲ್ಲೇ "ನಮ್ಮ ರೋಗಿಗಳಲ್ಲಿ ಒಂದು ಆತ್ಮಹತ್ಯೆಯೂ ಆಗಬಾರದು" ಅಂತ ಗುರಿ ಇಟ್ಟು ಕೆಲಸ ಶುರು ಮಾಡಿದರು. ಅಲ್ಲಿನ ಬ್ರಯಾನ್ ಅಹ್ಮದಾನಿ ಮತ್ತು ಜೊತೆಗಾರರು 2014ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಹೀಗೆ ತೀರಿಕೊಂಡವರಲ್ಲಿ ನೂರಕ್ಕೆ 83 ಜನ ಅದರ ಹಿಂದಿನ ಒಂದು ವರ್ಷದಲ್ಲಿ ಯಾವುದೋ ಒಂದು ಆಸ್ಪತ್ರೆ, ಕ್ಲಿನಿಕ್‌ಗೆ ಬಂದಿದ್ದರು. ಅರ್ಧದಷ್ಟು ಜನ ಕೊನೆಯ ತಿಂಗಳಲ್ಲೇ ಬಂದಿದ್ದರು. ಜಾಸ್ತಿ ಜನ ಬಂದದ್ದು ಮನಸ್ಸಿನ ಡಾಕ್ಟರ್ ಹತ್ತಿರ ಅಲ್ಲ, ನನ್ನಂಥ ಸಾಮಾನ್ಯ ಡಾಕ್ಟರ್ ಹತ್ತಿರ. ಅದು ಎಲ್ಲಾ ವಯಸ್ಸಿನವರ ಲೆಕ್ಕ, ಮಕ್ಕಳದ್ದಷ್ಟೇ ಅಲ್ಲ. ಆದರೆ ನನ್ನ ಕ್ಲಿನಿಕ್‌ನಲ್ಲಿ ಕೂತು ನೋಡಿದರೆ ಮಕ್ಕಳದ್ದೂ ಅದೇ ಕಥೆ. ಬರುತ್ತಾರೆ, ಹೊಟ್ಟೆನೋವು ಅನ್ನುತ್ತಾರೆ, ಹೋಗುತ್ತಾರೆ.

ಕೇಳುವುದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಇಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಲಿಸಾ ಹೊರೊವಿಟ್ಜ್ ಮತ್ತು ಜೊತೆಗಾರರು 2012ರಲ್ಲಿ ನಾಲ್ಕು ಪ್ರಶ್ನೆಗಳನ್ನು ಪ್ರಕಟಿಸಿದರು. ಇಪ್ಪತ್ತು ಸೆಕೆಂಡ್ ಸಾಕು. ಈಚೆಗೆ ಸತ್ತು ಹೋಗಬೇಕು ಅನ್ನಿಸಿದೆಯಾ? ನೀನು ಇಲ್ಲದಿದ್ದರೆ ನಿನಗೆ ಅಥವಾ ಮನೆಯವರಿಗೆ ಒಳ್ಳೆಯದು ಅನ್ನಿಸಿದೆಯಾ? ಕಳೆದ ವಾರ ಪ್ರಾಣ ತೆಗೆದುಕೊಳ್ಳುವ ಯೋಚನೆ ಬಂದಿದೆಯಾ? ಹಿಂದೆ ಯಾವಾಗಲಾದರೂ ಪ್ರಯತ್ನಿಸಿದ್ದೀಯಾ? ಯಾವುದಕ್ಕಾದರೂ ಹೌದು ಅಂದರೆ ಐದನೆಯದು: ಈಗ, ಈ ಕ್ಷಣ ಆ ಯೋಚನೆ ಇದೆಯಾ?

ಎರಡನೆಯ ಪ್ರಶ್ನೆ ನೋಡಿ ಅಕ್ಕಾ. ಆ ಹುಡುಗ ನಿಮ್ಮ ಮಗನ ಹತ್ತಿರ ಹೇಳಿದ ಮಾತೇ ಅದು. ಯಾರೂ ಕೇಳದೆ ಇದ್ದಾಗ ತಾನೇ ಉತ್ತರ ಹೇಳಿದ್ದಾನೆ.

ಗಣಿತ_ಮೇಷ್ಟ್ರು | 8:41

ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗುವುದಿಲ್ಲವೇ? 30 ವರ್ಷ ಪಾಠ ಮಾಡಿದ್ದೇನೆ, ಆ ಭಯದಿಂದ ಎಷ್ಟೋ ಮಕ್ಕಳನ್ನು ಕೇಳದೆ ಬಿಟ್ಟಿದ್ದೇನೆ.

ಮಕ್ಕಳ_ಡಾಕ್ಟರ್ | 8:52

ಆಗುವುದಿಲ್ಲ ಮೇಷ್ಟ್ರೇ. ನ್ಯೂಯಾರ್ಕ್ ರಾಜ್ಯದ ಹೈಸ್ಕೂಲ್ ಮಕ್ಕಳ ಮೇಲೆ ಮೆಡೆಲಿನ್ ಗೌಲ್ಡ್ ಇದನ್ನೇ ಪರೀಕ್ಷೆ ಮಾಡಿ 2005ರಲ್ಲಿ ಬರೆದರು. ಕೇಳಿದ ಮಕ್ಕಳಿಗೆ ಯೋಚನೆ ಹೆಚ್ಚಾಗಲಿಲ್ಲ. ಮೊದಲೇ ನೊಂದಿದ್ದ ಮಕ್ಕಳಿಗೆ ಕೇಳಿದ ಮೇಲೆ ಸ್ವಲ್ಪ ಹಗುರವೂ ಆಯಿತು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಿಂದ 12 ವರ್ಷ ದಾಟಿದ ಎಲ್ಲಾ ಮಕ್ಕಳನ್ನೂ ಕೇಳಿ ಅನ್ನುತ್ತಿದೆ. 8ರಿಂದ 11ರವರನ್ನು ಗುರುತು ಕಂಡರೆ ಕೇಳಬೇಕು. ಎಲ್ಲರನ್ನೂ ಅನ್ನುವುದು ಮುಖ್ಯ. ಯಾರನ್ನು ಕೇಳಬೇಕು ಅಂತ ನಮ್ಮ ಅಂದಾಜಿಗೆ ಬಿಟ್ಟರೆ, ಅಳುವ ಮಗುವನ್ನು ಕೇಳುತ್ತೇವೆ, ಸಿಟ್ಟು ಮಾಡುವ ಮಗುವನ್ನು ಬಿಡುತ್ತೇವೆ.

ಟೀಚರಮ್ಮ | 9:10

ಸಿಟ್ಟು ಮಾಡುವ ಮಗು! ಇದನ್ನು ಹೇಳಲೇಬೇಕು.

ಮೊದಲು ನಾನು ಪಾಠ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಒಂದೇ ತಿಂಗಳಲ್ಲಿ ಇಬ್ಬರು ಹುಡುಗರು ಕುರ್ಚಿ ಎತ್ತಿ ಎಸೆದರು. ಒಬ್ಬ ಬಿಳಿ, ಒಬ್ಬ ಕಪ್ಪು. ಬಿಳಿ ಹುಡುಗನಿಗೆ "ಮನೆಯಲ್ಲಿ ಏನೋ ತೊಂದರೆ ಇದೆ" ಅಂತ ಕೌನ್ಸೆಲರ್ ಸಿಕ್ಕಿದರು. ಕಪ್ಪು ಹುಡುಗನಿಗೆ ಐದು ದಿನ ಸಸ್ಪೆನ್ಷನ್. ನಾನು ಆ ಮೀಟಿಂಗ್‌ನಲ್ಲಿ ಕೂತಿದ್ದೆ. ಬಾಯಿ ತೆರೆಯಲಿಲ್ಲ. ಹೊಸಬಳು, ವೀಸಾದ ಮೇಲೆ ಇದ್ದೆ. ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಇದು ನಾನು ಕಂಡದ್ದು ಮಾತ್ರ ಅಲ್ಲ. ಸರ್ಕಾರದ್ದೇ ಲೆಕ್ಕಪರಿಶೋಧನೆ ಕಚೇರಿ 2018ರಲ್ಲಿ ವರದಿ ಕೊಟ್ಟಿತು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ನೂರಕ್ಕೆ 15.5 ಕಪ್ಪು ಮಕ್ಕಳು. ಸಸ್ಪೆಂಡ್ ಆದವರಲ್ಲಿ ನೂರಕ್ಕೆ ಸುಮಾರು 39. ಮಕ್ಕಳಲ್ಲಿ ಖಿನ್ನತೆ ಅನೇಕ ಸಲ ಕಿರಿಕಿರಿ, ಸಿಟ್ಟಾಗಿಯೇ ಹೊರಗೆ ಬರುತ್ತೆ. ಆ ಸಿಟ್ಟಿಗೆ ಒಂದು ಮಗುವಿಗೆ ಡಾಕ್ಟರ್, ಇನ್ನೊಂದು ಮಗುವಿಗೆ ಶಿಕ್ಷೆ.

ಸ್ಟೆತಾಸ್ಕೋಪ್_ಸೊಸೆ | 9:25

ಆಸ್ಪತ್ರೆಯಲ್ಲೂ ಹಾಗೆಯೇ. ಅದೇ ಲಕ್ಷಣಕ್ಕೆ ಕಪ್ಪು ಮಕ್ಕಳ ಚಾರ್ಟ್‌ನಲ್ಲಿ "ನಡತೆ ಸಮಸ್ಯೆ" ಅಂತ ಬರೆದದ್ದು ನೋಡಿದ್ದೇನೆ. ಒಂದು ಸಲ ಬರೆದರೆ ಮುಂದಿನ ಡಾಕ್ಟರ್ ಅದನ್ನೇ ಓದುತ್ತಾರೆ.

ಸಿಲಿಕಾನ್_ಶೆಟ್ಟಿ (ಸ್ಯಾನ್ ಹೋಸೆ) | 11:20

ಒಪ್ಪುತ್ತೇನೆ, ಆದರೆ ಇನ್ನೊಂದು ಕಡೆಯೂ ಇದೆ. ಕೇಳಿದರೂ ಅವರು ಹೇಳಬೇಕಲ್ಲ? ಕಪ್ಪು ಜನ ಡಾಕ್ಟರನ್ನು ನಂಬುವುದಿಲ್ಲ. ಟಸ್ಕೀಗಿ ಆದ ಮೇಲೆ ಹೇಗೆ ನಂಬುತ್ತಾರೆ? 1932ರಿಂದ 1972ರವರೆಗೆ 40 ವರ್ಷ, ಸಿಫಿಲಿಸ್ ಇದ್ದ 399 ಕಪ್ಪು ಗಂಡಸರಿಗೆ ಸರ್ಕಾರದ ಡಾಕ್ಟರುಗಳೇ ಚಿಕಿತ್ಸೆ ಕೊಡದೆ ಸುಮ್ನೆ ನೋಡುತ್ತಾ ಕೂತರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅಕ್ಕನ ಊರಿಂದ ಎರಡು ಎರಡೂವರೆ ಗಂಟೆ ದಾರಿ ಅದು.

ಸ್ಟೆತಾಸ್ಕೋಪ್_ಸೊಸೆ | 11:48

ಶೆಟ್ರೇ, ಟಸ್ಕೀಗಿ ನಿಜ. 1851ರಲ್ಲಿ ಕಾರ್ಟ್‌ರೈಟ್ ಎಂಬ ಡಾಕ್ಟರ್, ಗುಲಾಮರು ಓಡಿಹೋಗಲು ಬಯಸುವುದನ್ನೇ ಒಂದು ಮನೋರೋಗ ಅಂತ ಹೆಸರಿಟ್ಟು ಬರೆದದ್ದೂ ನಿಜ. ಅಮೆರಿಕದ ಮನೋವೈದ್ಯರ ಸಂಘವೂ, ಮನಶ್ಶಾಸ್ತ್ರಜ್ಞರ ಸಂಘವೂ ತಮ್ಮ ವರ್ಣಭೇದದ ಇತಿಹಾಸಕ್ಕೆ ಕ್ಷಮೆ ಕೇಳಿದ್ದು 2021ರಲ್ಲಿ.

ಆದರೆ ಎಲ್ಲವನ್ನೂ ಟಸ್ಕೀಗಿ ತಲೆಗೆ ಕಟ್ಟಬೇಡಿ. ಹಾಗೆ ಮಾಡಿದರೆ ತಪ್ಪು "ನಂಬದ" ಜನರ ಕಡೆ ಹೋಗುತ್ತೆ, ನಮ್ಮ ಕಡೆ ಬರುವುದೇ ಇಲ್ಲ. 14 ವರ್ಷದ ಹುಡುಗನಿಗೆ 1932 ನೆನಪಿಲ್ಲ. ಚಳಿಗಾಲದಲ್ಲಿ ತಲೆನೋವು ಅಂದಾಗ ಯಾರೂ ಮುಖ ನೋಡದೆ ಕಳಿಸಿದ್ದು ನೆನಪಿದೆ.

ಸಿಲಿಕಾನ್_ಶೆಟ್ಟಿ | 11:55

ಸರಿ, ಈ ಮಾತು ಒಪ್ಪಿದೆ.

ಹುಬ್ಳಿ_ಮಂದಿ | 12:10

ನಮ್ಮ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಜನ ಇದ್ದಾರಲ್ಲ, ಅವರೂ ಆಫ್ರಿಕಾ ಮೂಲದವರೇ. ಅವರಲ್ಲೂ ಹೀಗೇ ಇರಬಹುದೇ?

ಕಾಳೀ_ದಡ (ಯಲ್ಲಾಪುರ) | 12:32

ನಾನು ಆ ಕಡೆಯವನು, ಸಿದ್ದಿ ಸ್ನೇಹಿತರ ಜೊತೆ ಬೆಳೆದವನು. ದಯವಿಟ್ಟು ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಮೈಬಣ್ಣ, ಮೂಲ ಒಂದೇ ಕಡೆಯದು ಅಂದ ಮಾತ್ರಕ್ಕೆ ಕಷ್ಟ ಒಂದೇ ಆಗುವುದಿಲ್ಲ. ಸಿದ್ದಿಗಳ ಮಾತು ಭೂಮಿ, ಕಾಡು, ಶಾಲೆ, ಪಟ್ಟಣದಲ್ಲಿ ಕೆಲಸ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರೆಯುತ್ತೇನೆ. ಇಲ್ಲಿ ಆ ಅಟ್ಲಾಂಟಾ ಹುಡುಗನ ಮಾತು ನಡೆಯಲಿ.

ಅಮ್ಮನ_ಡೈರಿ (ಬೆಂಗಳೂರು) | 1:15

ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ನನ್ನ ಮಗಳಿಗೆ ಪಿಯುಸಿಯಲ್ಲಿ ಹೊಟ್ಟೆನೋವು. ಮೂರು ಡಾಕ್ಟರ್, ಸ್ಕ್ಯಾನ್, ಎಂಡೋಸ್ಕೋಪಿ ಎಲ್ಲಾ ಆಯಿತು. ಎಲ್ಲಾ ನಾರ್ಮಲ್. ಕೊನೆಗೆ ನಮ್ಮ ಬೀದಿಯ ಮೆಡಿಕಲ್ ಶಾಪ್ ಅಂಕಲ್ "ಏನಮ್ಮ, ಮನಸ್ಸಿಗೆ ಏನಾದ್ರೂ ಆಗಿದ್ಯಾ?" ಅಂದರಂತೆ. ಅವತ್ತು ಅತ್ತವಳು ಒಂದು ಗಂಟೆ ಅತ್ತಳು. ಈಗ ಚೆನ್ನಾಗಿದ್ದಾಳೆ.

ಇಲ್ಲಿ ಭಾರತದಿಂದ ಓದುತ್ತಿರುವವರಿಗೆ: ಟೆಲಿ ಮಾನಸ್ 14416. ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. 2022ರಿಂದ ಇದೆ, ನಿಮ್ಹಾನ್ಸ್‌ನವರ ಮೇಲ್ವಿಚಾರಣೆ.

ಟೀಚರಮ್ಮ | 1:20

ಸಂಬಂಧ ಇದೆ ಮೇಡಂ. ಖಂಡಿತ ಇದೆ.

ಬೆಣ್ಣೆದೋಸೆ_ಊರಿನವಳು | ಬುಧವಾರ ರಾತ್ರಿ 9:00

ಮಂಗಳವಾರ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ ಬಂದರು. ನಾನೂ ಕಾರು ಓಡಿಸಿಕೊಂಡು ಹೋಗಿದ್ದೆ. ಈ ಸಲ ಅಮ್ಮನೇ ಬಾಗಿಲು ದಾಟುತ್ತಲೇ "ನನ್ನ ಮಗ ಸಾಯುವ ಮಾತಾಡಿದ್ದಾನೆ" ಅಂದರು. ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತರಂತೆ. ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸಿ ಅವನ ಹತ್ತಿರವೇ ಮಾತಾಡಿದರು.

ಈಗ ಹೊಸ ಗೋಡೆ. ಥೆರಪಿಸ್ಟ್ ಬೇಕು. ಇನ್ಶೂರೆನ್ಸ್ ಪೀಚ್‌ಕೇರ್, ನಮ್ಮ ರಾಜ್ಯದ ಮಕ್ಕಳ ಯೋಜನೆ. ಪಟ್ಟಿಯಲ್ಲಿ ಇರುವವರಿಗೆಲ್ಲ ಫೋನ್ ಮಾಡಿದೆವು. ಹನ್ನೊಂದು ನಂಬರ್. ಮೂರು ನಂಬರ್ ಕೆಲಸವೇ ಮಾಡುವುದಿಲ್ಲ. ನಾಲ್ಕು ಜನ "ಆ ಇನ್ಶೂರೆನ್ಸ್ ತೆಗೆದುಕೊಳ್ಳುವುದಿಲ್ಲ". ಮಿಕ್ಕವರು ಆರು ವಾರ, ಎಂಟು ವಾರ ಅನ್ನುತ್ತಾರೆ. ಹುಡುಗ ಒಂದೇ ಒಂದು ಕೇಳಿಕೊಂಡಿದ್ದಾನೆ: "ಕಪ್ಪು ಥೆರಪಿಸ್ಟ್ ಸಿಕ್ಕರೆ ಚೆನ್ನಾಗಿತ್ತು. ಎಲ್ಲಾ ಮೊದಲಿಂದ ಅರ್ಥ ಮಾಡಿಸೋಕೆ ಶಕ್ತಿ ಇಲ್ಲ."

ಮಕ್ಕಳ_ಡಾಕ್ಟರ್ | 9:22

ನ್ಯಾಯವಾದ ಬೇಡಿಕೆ. ಸಿಗುವುದು ಕಷ್ಟ ಏಕೆ ಅಂದರೆ ಇಲ್ಲಿನ ಮನಶ್ಶಾಸ್ತ್ರಜ್ಞರಲ್ಲಿ ಕಪ್ಪು ಜನ ನೂರಕ್ಕೆ ಐದರ ಆಸುಪಾಸು. ಮನೋವೈದ್ಯರಲ್ಲಿ ನೂರಕ್ಕೆ ಎರಡು. ಜನಸಂಖ್ಯೆಯಲ್ಲಿ ಸುಮಾರು 13.

ಜಾರ್ಜಿಯಾದಲ್ಲಿ ಏಪೆಕ್ಸ್ ಅಂತ ಒಂದು ಕಾರ್ಯಕ್ರಮ ಇದೆ. ಥೆರಪಿಸ್ಟ್ ಶಾಲೆಗೇ ಬರುತ್ತಾರೆ. 2015ರಿಂದ ನಡೆಯುತ್ತಿದೆ. ಎಲ್ಲಾ ಶಾಲೆಯಲ್ಲೂ ಇಲ್ಲ, ಆದರೆ ಅವನ ಶಾಲೆಯಲ್ಲಿ ಇದೆಯಾ ಅಂತ ಕೌನ್ಸೆಲರ್ ಹತ್ತಿರ ನೇರವಾಗಿ ಹೆಸರು ಹೇಳಿ ಕೇಳಿ. ಅಮ್ಮ ರಜೆ ಹಾಕಬೇಕಿಲ್ಲ, ಬಸ್ ಹಿಡಿಯಬೇಕಿಲ್ಲ.

ಅಲ್ಲಿವರೆಗೆ ಅವನ ಡಾಕ್ಟರನ್ನೇ ವಾರಕ್ಕೊಮ್ಮೆ ಐದು ನಿಮಿಷ ಫೋನ್‌ನಲ್ಲಿ ಸಿಗಲು ಕೇಳಿಕೊಳ್ಳಿ. "ಹೇಗಿದ್ದೀಯಾ, ನಿನ್ನ ನೆನಪಿದೆ" ಅನ್ನುವಷ್ಟು ಸಾಕು. ಕೇಳಿ ಬಿಟ್ಟುಬಿಟ್ಟರೆ ಕೇಳಿ ಪ್ರಯೋಜನವಿಲ್ಲ.

ನಾದಸ್ವರ_72 (ಲಿಟಲ್ ರಾಕ್) | 9:50

ಇನ್ನೊಂದು ದಾರಿ ಹೇಳುತ್ತೇನೆ. ನಾನು ತಲೆ ಕೂದಲು ಕತ್ತರಿಸಿಕೊಳ್ಳುವ ಅಂಗಡಿ ಕಪ್ಪು ಜನರದ್ದು. ಅಲ್ಲಿ ಹುಡುಗರು ಎರಡು ವಾರಕ್ಕೊಮ್ಮೆ ಬಂದೇ ಬರುತ್ತಾರೆ. ಕುರ್ಚಿಯಲ್ಲಿ ಅರ್ಧ ಗಂಟೆ ಕೂರುತ್ತಾರೆ. ಮಾತಾಡದ ಹುಡುಗನೂ ಬಾರ್ಬರ್ ಹತ್ತಿರ ಮಾತಾಡುತ್ತಾನೆ. ಇಲ್ಲಿ 2016ರಲ್ಲಿ ಲೊರೆಂಜೊ ಲೂಯಿಸ್ ಅನ್ನುವವರು ಕನ್ಫೆಸ್ ಪ್ರಾಜೆಕ್ಟ್ ಶುರು ಮಾಡಿದರು. ಬಾರ್ಬರ್‌ಗಳಿಗೆ ಕೇಳುವುದು ಹೇಗೆ, ಯಾವಾಗ ಡಾಕ್ಟರ್ ಹತ್ತಿರ ಕಳಿಸಬೇಕು ಅಂತ ತರಬೇತಿ ಕೊಡುತ್ತಾರೆ. ಈಗ ಬೇರೆ ಬೇರೆ ರಾಜ್ಯಗಳಲ್ಲಿದೆ.

ನಮ್ಮೂರಲ್ಲಿ ಅಪ್ಪನ ಕಾಲದ ಕ್ಷೌರದಂಗಡಿ ಹೇಗಿತ್ತು ನೆನಪಿದೆಯಾ? ಇಡೀ ಊರಿನ ಸುದ್ದಿ ಅಲ್ಲಿ. ಹಾಗೆಯೇ.

ಕಾವೇರಿ_ತೀರ | 10:05

ಬಾರ್ಬರ್ ಥೆರಪಿಸ್ಟ್ ಅಲ್ಲವಲ್ಲ. ಥೆರಪಿಸ್ಟ್ ಕೊಡದೆ ಬಾರ್ಬರ್ ಕೊಟ್ಟು ಸಮಾಧಾನ ಮಾಡಿದ ಹಾಗೆ ಆಗಬಾರದು. ಬಿಳಿಯರ ಬಡಾವಣೆಯಲ್ಲಿ ಯಾರಾದರೂ ಹಾಗೆ ಹೇಳುತ್ತಾರಾ?

ನಾದಸ್ವರ_72 | 10:12

ಬದಲಿಗೆ ಅಂತ ಹೇಳಲಿಲ್ಲ ಸ್ವಾಮಿ, ಜೊತೆಗೆ ಅಂದೆ. ಎಂಟು ವಾರ ಕಾಯುವ ಹೊತ್ತಿಗೆ ಒಬ್ಬ ದೊಡ್ಡವನು ಅವನ ಮಾತು ಕೇಳಲಿ ಅಂತ. ಆದರೆ ನಿಮ್ಮ ಪ್ರಶ್ನೆ ಸರಿಯಾದ ಪ್ರಶ್ನೆ.

ಸಿಲಿಕಾನ್_ಶೆಟ್ಟಿ | 10:30

ಸರ್ಕಾರ ಏನೂ ಮಾಡಿಲ್ಲವೇ?

ಸ್ಟೆತಾಸ್ಕೋಪ್_ಸೊಸೆ | 10:47

ಗಮನಕ್ಕೆ ತಂದವರು ಕಪ್ಪು ಸಂಸದರೇ. 2019ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ ಬಾನಿ ವಾಟ್ಸನ್ ಕೋಲ್ಮನ್ ಮುಂದಾಳತ್ವದಲ್ಲಿ ಕಾರ್ಯಪಡೆ ಮಾಡಿದರು. ಡಿಸೆಂಬರ್‌ನಲ್ಲಿ "ಎಚ್ಚರಿಕೆಯ ಗಂಟೆ ಬಾರಿಸಿ" ಅನ್ನುವ ಅರ್ಥದ ಹೆಸರಿನ ವರದಿ ಬಂತು. ತಜ್ಞರ ತಂಡಕ್ಕೆ ಮೈಕಲ್ ಲಿಂಡ್ಸಿ ಮುಖ್ಯಸ್ಥರು. ಅದೇ ವರ್ಷ ಅವರದೊಂದು ಅಧ್ಯಯನವೂ ಬಂತು. 1991ರಿಂದ 2017ರ ಹೊತ್ತಿಗೆ ಕಪ್ಪು ಹೈಸ್ಕೂಲ್ ಮಕ್ಕಳಲ್ಲಿ ಪ್ರಯತ್ನ ಮಾಡಿದೆವು ಅಂತ ಹೇಳಿಕೊಂಡವರ ಪ್ರಮಾಣ ನೂರಕ್ಕೆ 73ರಷ್ಟು ಏರಿತ್ತು. ಬೇರೆ ಮಕ್ಕಳಲ್ಲಿ ಇಳಿದಾಗ ಅಥವಾ ಹೆಚ್ಚು ಬದಲಾಗದೆ ಇದ್ದಾಗ ಇವರಲ್ಲಿ ಏರಿತ್ತು. ಹುಡುಗಿಯರನ್ನು ಮರೆಯಬೇಡಿ. ಆರಿಯೆಲ್ ಶೆಫ್ಟಾಲ್ ಅವರ ಅಧ್ಯಯನದಲ್ಲಿ 2003ರಿಂದ 2017ರವರೆಗೆ ಕಪ್ಪು ಹುಡುಗಿಯರಲ್ಲಿ ಆತ್ಮಹತ್ಯೆಯ ಸಾವಿನ ಪ್ರಮಾಣ ವರ್ಷಕ್ಕೆ ಸರಾಸರಿ ನೂರಕ್ಕೆ 6.6ರಷ್ಟು ಏರಿತ್ತು. ಇಲ್ಲಿ ನಾವೆಲ್ಲ ಹುಡುಗ ಹುಡುಗ ಅನ್ನುತ್ತಿದ್ದೇವೆ, ಅದಕ್ಕೆ ಹೇಳಿದೆ.

ಗಣಿತ_ಮೇಷ್ಟ್ರು | 11:02

73 ಅನ್ನುವುದು ಏರಿಕೆಯ ಪ್ರಮಾಣ, ನೂರರಲ್ಲಿ 73 ಮಕ್ಕಳು ಅಂತ ಯಾರೂ ಓದಿಕೊಳ್ಳಬೇಡಿ. ಇಂಥ ಅಂಕಿ ವಾಟ್ಸಾಪ್‌ನಲ್ಲಿ ತಿರುಚಿಕೊಂಡು ಓಡಾಡುತ್ತೆ, ಅದಕ್ಕೆ ಹೇಳಿದೆ.

ಬೆಣ್ಣೆದೋಸೆ_ಊರಿನವಳು | ಮೂರು ವಾರದ ನಂತರ

ತುಂಬಾ ಜನ ಖಾಸಗಿಯಾಗಿ ಕೇಳುತ್ತಿದ್ದೀರಿ, ಅದಕ್ಕೆ ಇಲ್ಲೇ ಬರೆಯುತ್ತೇನೆ.

ಶಾಲೆಯಲ್ಲಿ ಏಪೆಕ್ಸ್ ಇತ್ತು! ಯಾರೂ ಹೇಳಿರಲಿಲ್ಲ, ಅಷ್ಟೇ. ವಾರಕ್ಕೊಮ್ಮೆ ಥೆರಪಿಸ್ಟ್ ನೋಡುತ್ತಿದ್ದಾನೆ. ಕಪ್ಪು ಹೆಂಗಸು, ಅವನ ಅಜ್ಜಿಯ ಊರಿನ ಕಡೆಯವರಂತೆ. ಮೊದಲ ದಿನ ಅರ್ಧ ಗಂಟೆ ಏನೂ ಮಾತಾಡದೆ ಇಬ್ಬರೂ ಕಾರ್ಡ್ಸ್ ಆಡಿದರಂತೆ. ಎರಡನೇ ವಾರ ಮಾತಾಡಿದ.

ಎಲ್ಲಾ ಸರಿಯಾಯಿತು ಅಂತಲ್ಲ. ಹೋದ ಗುರುವಾರ ಕೆಟ್ಟ ದಿನ. ಆದರೆ ಅವನೇ ಅಮ್ಮನಿಗೆ ಮೆಸೇಜ್ ಮಾಡಿದ: "ಇವತ್ತು ಜಾಸ್ತಿ ಆಗಿದೆ." ಆ ಹಾಳೆಯಲ್ಲಿ ಬರೆದಿತ್ತು, ಹಾಗಾದಾಗ ಯಾರಿಗೆ ಹೇಳುವುದು ಅಂತ. ಅಮ್ಮ ಪಾಳಿ ಬಿಟ್ಟು ಬಂದರು. ಸಂಬಳ ಕಟ್ ಆಯಿತು.

ಅಜ್ಜಿ ಮೊದಲು "ಪ್ರಾರ್ಥನೆ ಮಾಡಿದರೆ ಹೋಗುತ್ತೆ" ಅನ್ನುತ್ತಿದ್ದರು. ಈಗ ಅವರ ಚರ್ಚಿನ ಪಾದ್ರಿಯೇ ಭಾನುವಾರ "ದೇವರೂ ಬೇಕು, ಡಾಕ್ಟರೂ ಬೇಕು" ಅಂದರಂತೆ. ಅಜ್ಜಿಯೇ ಅವರಿಗೆ ವಿಷಯ ಹೇಳಿದ್ದು ಅನ್ನಿಸುತ್ತೆ.

ಶೂ ವಾಪಸ್ ಕೊಟ್ಟಾಗ ಹುಡುಗ ಬೇಡ ಅಂದ. ಮಗ "ನನ್ನ ಕಾಲಿಗೆ ದೊಡ್ಡದಾಗುತ್ತೆ, ತಗೋ" ಅಂದ. ತಗೊಂಡ.

ನಮ್ಮ ಯಜಮಾನರು ಮೊನ್ನೆ ತಾವೇ ಅವನನ್ನು ಪ್ರಾಕ್ಟೀಸ್‌ನಿಂದ ಕರೆದುಕೊಂಡು ಬಂದರು.

ನಾದಸ್ವರ_72 | 8:40

ಓದಿ ಕಣ್ಣು ತುಂಬಿತು ತಂಗಿ.

ಕಾವೇರಿ_ತೀರ | 8:52

ನಮ್ಮ ಕನ್ನಡ ಕೂಟದಲ್ಲಿ ಮುಂದಿನ ತಿಂಗಳು ಕ್ಯೂಪಿಆರ್ ಅನ್ನುವ, ಆತ್ಮಹತ್ಯೆ ತಡೆಯುವ ತರಬೇತಿ ಇಟ್ಟಿದ್ದೇವೆ. ಹೇಗೆ ಕೇಳುವುದು, ಹೇಗೆ ಒಪ್ಪಿಸುವುದು, ಎಲ್ಲಿಗೆ ಕಳಿಸುವುದು. ಒಂದೂವರೆ ಗಂಟೆ. ಈ ಚರ್ಚೆ ಓದಿದ ಮೇಲೆ ನಾನೇ ಹಠ ಹಿಡಿದು ಮಾಡಿಸಿದ್ದು. ನಮ್ಮ ಮಕ್ಕಳಿಗಷ್ಟೇ ಅಲ್ಲ, ಮಕ್ಕಳ ಸ್ನೇಹಿತರ ಮನೆಯವರನ್ನೂ ಕರೆಯುತ್ತಿದ್ದೇವೆ.

ಮಾವನ ಮನೆಯಲ್ಲಿ ಬಂದೂಕಿಗೆ ಬೀಗ ಇದೆಯಾ? ಹುಡುಗ ಅಲ್ಲಿಗೂ ಹೋಗುತ್ತಾನಲ್ಲ.

ಬೆಣ್ಣೆದೋಸೆ_ಊರಿನವಳು | 9:01

ಇದೆ. ಪ್ರಾಜೆಕ್ಟ್ ಚೈಲ್ಡ್‌ಸೇಫ್ ಅನ್ನುವವರ ಕೇಬಲ್ ಬೀಗ. ಪೊಲೀಸ್ ಠಾಣೆಯಲ್ಲಿ ಪುಕ್ಕಟೆ ಕೊಡುತ್ತಾರೆ. ಮಾವ ಠಾಣೆಗೆ ಹೋಗಲು ಒಪ್ಪಲಿಲ್ಲ, ನಾನೇ ತಂದುಕೊಟ್ಟೆ. ಗುಂಡುಗಳನ್ನು ಬೇರೆ ಕಡೆ ಇಟ್ಟಿದ್ದಾರೆ.

ಟೀಚರಮ್ಮ | 9:15

ಅಕ್ಕಾ, ಒಂದು ಮಾತು. ಜಾರ್ಜಿಯಾದಲ್ಲಿ ಶಾಲೆ ಮೇ ಕೊನೆಗೇ ಮುಗಿಯುತ್ತೆ ಅಲ್ವಾ? ಥೆರಪಿಸ್ಟ್ ಶಾಲೆಯಲ್ಲಿ ನೋಡುವುದು ಅಂದರೆ ಬೇಸಿಗೆಯಲ್ಲಿ ಏನು ಮಾಡುತ್ತಾರೆ? ಎರಡು ತಿಂಗಳು ಖಾಲಿ ಬಿಡಬಾರದು.

ಬೆಣ್ಣೆದೋಸೆ_ಊರಿನವಳು | 9:18

ಅಯ್ಯೋ, ಅದು ಹೊಳೆದೇ ಇರಲಿಲ್ಲ.

ಮಕ್ಕಳ_ಡಾಕ್ಟರ್ | 9:31

ಬೇಸಿಗೆಯಲ್ಲಿ ಅದೇ ಸಂಸ್ಥೆಯ ಕ್ಲಿನಿಕ್‌ನಲ್ಲಿ ಅಥವಾ ವಿಡಿಯೋ ಕರೆಯಲ್ಲಿ ಮುಂದುವರಿಸುತ್ತಾರಾ ಅಂತ ಈಗಲೇ ಕೇಳಿ. ಇಲ್ಲ ಅಂದರೆ ಮೊದಲು ಎಂಟು ವಾರ ಅಂದವರ ಪಟ್ಟಿಯಲ್ಲಿ ಹೆಸರು ಇನ್ನೂ ಇದೆಯಾ ನೋಡಿ, ತೆಗೆಸಬೇಡಿ. ಮಕ್ಕಳ ಡಾಕ್ಟರ್ ಹತ್ತಿರ ಜೂನ್‌ಗೆ ಒಂದು, ಜುಲೈಗೆ ಒಂದು ಅಪಾಯಿಂಟ್‌ಮೆಂಟ್ ಹಾಕಿಸಿ.

ಬೆಣ್ಣೆದೋಸೆ_ಊರಿನವಳು | 9:34

ಶಾಲೆ ಇನ್ನು ಒಂಬತ್ತು ದಿನ ಇದೆ. ನಾಳೆ ಬೆಳಿಗ್ಗೆ ಅವರ ಅಮ್ಮ ಪಾಳಿ ಮುಗಿಸಿ ಬರುತ್ತಾರೆ, ಇಬ್ಬರೂ ಸೇರಿ ಫೋನ್ ಮಾಡುತ್ತೇವೆ.